ಆಮಿಶ್ ಜನಜೀವನದ ಮೇಲೆ ಕಾಲೇಜು ಪ್ರಬಂಧ: ಯಾವ ಕಡೆಯಿಂದ ಹಿಡಿಯಲಿ?

ತುಂಗಾತೀರದ ಹುಡುಗಿ

ಎಲ್ಲರಿಗೂ ನಮಸ್ಕಾರ. ಬಿ.ಎ. ಎರಡನೇ ವರ್ಷ, ಸಮಾಜಶಾಸ್ತ್ರ. ‘ಆಧುನಿಕತೆಯನ್ನು ನಿರಾಕರಿಸಿದ ಒಂದು ಸಮುದಾಯ’ ಎಂಬ ವಿಷಯದ ಮೇಲೆ ಪ್ರಬಂಧ ಬರೆದು ಒಪ್ಪಿಸಬೇಕಾಗಿದೆ. ನಾನು ಅಮೆರಿಕದ ಆಮಿಶ್ ಎಂಬ ಕ್ರೈಸ್ತ ಪಂಗಡದವರನ್ನು ಆರಿಸಿಕೊಂಡಿದ್ದೇನೆ. ಹುಡುಕಿದಲ್ಲೆಲ್ಲ ಸಿಗುವುದು ಒಂದೇ ಮಾತು: ಕರೆಂಟಿಲ್ಲ, ಕಾರಿಲ್ಲ, ಟಿವಿ ಇಲ್ಲ, ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ, ಗಂಡಸರು ಮೀಸೆ ಬೋಳಿಸಿ ಗಡ್ಡ ಬಿಡುತ್ತಾರೆ. ಇಷ್ಟನ್ನೇ ಹಿಗ್ಗಿಸಿ ಹತ್ತು ಪುಟ ಮಾಡಿದರೆ ನಮ್ಮ ಮೇಡಂ ಒಂದೇ ನೋಟಕ್ಕೆ ಹಿಡಿದುಬಿಡುತ್ತಾರೆ. ಸ್ವಲ್ಪ ಗಟ್ಟಿಯಾದ ದಾರಿ ತೋರಿಸಿ. ಅಮೆರಿಕದಲ್ಲಿದ್ದು ಅವರನ್ನು ಹತ್ತಿರದಿಂದ ನೋಡಿದವರು ಇದ್ದರೆ ದಯವಿಟ್ಟು ಬರೆಯಿರಿ.

ಓಹಾಯೊ ಕನ್ನಡತಿ

ತಂಗಿ, ನಾವಿರುವ ಊರಿನಿಂದ ಹೋಮ್ಸ್ ಕೌಂಟಿ ದೂರವಿಲ್ಲ. ಅಲ್ಲಿನ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆಮಿಶರೇ. ಆ ಕಡೆ ಹೋದಾಗ ಮೊದಲು ಕಣ್ಣಿಗೆ ಬೀಳುವುದು ರಸ್ತೆ. ಲಾಳ ಬಡಿದು ಬಡಿದು ಡಾಂಬರಿನ ಅಂಚು ಉದ್ದಕ್ಕೂ ಸವೆದಿರುತ್ತದೆ. ಮಿಲ್ಲರ್ಸ್‌ಬರ್ಗ್ ಪಟ್ಟಣದ ದೊಡ್ಡ ಮಳಿಗೆಯ ಅಂಗಳದಲ್ಲಿ ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ಕುದುರೆ ಕಟ್ಟಲು ಚಾವಣಿ ಹಾಕಿದ್ದಾರೆ. ಗಾಡಿಗೆ ಹೂಡುವ ಕುದುರೆಗಳು ಬಹುಪಾಲು ರೇಸಿನಿಂದ ನಿವೃತ್ತಿಯಾದ ಸ್ಟ್ಯಾಂಡರ್ಡ್‌ಬ್ರೆಡ್ ತಳಿಯವು. ಓಡಿ ಅಭ್ಯಾಸವಿರುವ ಪ್ರಾಣಿ, ನೋಡಿದರೆ ಗಾಡಿಯ ಕುದುರೆ ಎನಿಸುವುದೇ ಇಲ್ಲ.

ನೀನು ಬರೆದ ಪಟ್ಟಿಯಲ್ಲಿ ಅರ್ಧ ಮಾತ್ರ ನಿಜ. ಕರೆಂಟಿಲ್ಲ ಎಂದರೆ ಕಂಬದಿಂದ ಮನೆಗೆ ತಂತಿ ಎಳೆಸಿಲ್ಲ ಎಂದಷ್ಟೇ ಅರ್ಥ. ಪೀಠೋಪಕರಣ ಮಾಡುವ ಅವರ ಕಾರ್ಖಾನೆಯ ಬಾಗಿಲಲ್ಲಿ ನಿಂತರೆ ಹಿಂದುಗಡೆ ಡೀಸೆಲ್ ಎಂಜಿನ್ ಗುಡುಗುವುದು ಕೇಳುತ್ತದೆ. ಅದರಿಂದ ಗಾಳಿ ಒತ್ತಿ ತುಂಬಿ, ಕೊಳವೆಯಲ್ಲಿ ಹರಿಸಿ, ಆ ಗಾಳಿಯ ಬಲದಿಂದಲೇ ಗರಗಸ, ಉಜ್ಜುವ ಯಂತ್ರ ಎಲ್ಲವನ್ನೂ ಓಡಿಸುತ್ತಾರೆ. ಅಡುಗೆಮನೆಯ ಫ್ರಿಜ್ಜು ಗ್ಯಾಸಿನದು. ಇತ್ತೀಚೆಗೆ ಕೆಲವು ಮನೆಗಳ ಮೇಲೆ ಸೌರಫಲಕವೂ ಬಂದಿದೆ. ಕಾರಿನ ವಿಷಯವೂ ಹಾಗೆಯೇ. ಕೊಳ್ಳುವಂತಿಲ್ಲ, ಓಡಿಸುವಂತಿಲ್ಲ, ಆದರೆ ನೆರೆಯವರ ಕಾರಿಗೆ ಬಾಡಿಗೆ ಕೊಟ್ಟು ಆಸ್ಪತ್ರೆಗೋ ಮದುವೆಗೋ ಹೋಗಿ ಬರುತ್ತಾರೆ.

ಇನ್ನೊಂದು ಮಾತು: ಆಮಿಶರೆಲ್ಲ ಒಂದೇ ಅಚ್ಚಿನವರಲ್ಲ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಗಾಡಿಯ ಬಣ್ಣ ಬೂದು, ನಮ್ಮ ಕಡೆ ಕಪ್ಪು. ಪೆನ್ಸಿಲ್ವೇನಿಯಾದಲ್ಲೇ ಕಿಷಕೊಕ್ವಿಲ್ಲಾಸ್ ಎಂಬ ಒಂದೇ ಕಣಿವೆಯಲ್ಲಿ ಬಿಳಿ, ಹಳದಿ, ಕಪ್ಪು ಹೀಗೆ ಮೂರು ಬಣ್ಣದ ಗಾಡಿಗಳು ಓಡಾಡುತ್ತವೆ, ಮೂರು ಬೇರೆ ಬೇರೆ ಪಂಗಡಗಳವು. ಸ್ವಾರ್ಟ್‌ಸೆಂಟ್ರೂಬರ್ ಎಂಬ ಕಟ್ಟುನಿಟ್ಟಿನ ಪಂಗಡದವರು ಗಾಡಿಯ ಹಿಂದೆ, ನಿಧಾನ ವಾಹನ ಎಂದು ಸೂಚಿಸುವ ಕಿತ್ತಳೆ ಬಣ್ಣದ ತ್ರಿಕೋನ ಫಲಕವನ್ನೂ ಹಾಕುವುದಿಲ್ಲ, ಲಾಟೀನು ತೂಗುಹಾಕುತ್ತಾರೆ. 2022ರಲ್ಲಿ ಓಹಾಯೊ ರಾಜ್ಯ ಗಾಡಿಗಳಿಗೆ ಮಿಣುಗುವ ಹಳದಿ ದೀಪ ಕಡ್ಡಾಯ ಮಾಡಿದಾಗ ಅವರಲ್ಲಿ ಕೆಲವರು ದಂಡದ ಚೀಟಿ ಪಡೆದರೇ ಹೊರತು ದೀಪ ಹಾಕಲಿಲ್ಲ. ‘ಆಮಿಶರು ಹೀಗೆ ಮಾಡುತ್ತಾರೆ’ ಎಂದು ಬರೆಯುವಾಗಲೆಲ್ಲ ಯಾವ ಊರಿನ, ಯಾವ ಪಂಗಡದ ಆಮಿಶರು ಎಂದು ಸೇರಿಸು.

ನಿವೃತ್ತ ಉಪನ್ಯಾಸಕ

ಮೇಲಿನವರು ಒಳ್ಳೆಯ ಬುನಾದಿ ಹಾಕಿಕೊಟ್ಟಿದ್ದಾರೆ. ನನ್ನ ಸಲಹೆ ಇಷ್ಟೇ: ಕಾಲೇಜು ಕೊಟ್ಟ ವಿಷಯವನ್ನೇ ಪ್ರಶ್ನಿಸುವ ಪ್ರಬಂಧ ಬರೆಯಮ್ಮ. ಇವರು ಹೊಸ ವಸ್ತುಗಳನ್ನು ಸಾರಾಸಗಟಾಗಿ ತಳ್ಳಿಹಾಕಿದವರಲ್ಲ. ಒಂದೊಂದನ್ನೂ ಮುಂದಿಟ್ಟುಕೊಂಡು, ಇದು ಬಂದರೆ ನಮ್ಮ ನಮ್ಮೊಳಗಿನ ಸಂಬಂಧ ಏನಾಗುತ್ತದೆ ಎಂದು ಕೇಳಿ, ಇಷ್ಟು ಬೇಕು ಇಷ್ಟು ಬೇಡ ಎಂದು ಗೆರೆ ಎಳೆದವರು. ಆ ಗೆರೆ ಯಾರು, ಹೇಗೆ ಎಳೆಯುತ್ತಾರೆ ಎಂಬುದೇ ನಿನ್ನ ಪ್ರಬಂಧದ ವಸ್ತುವಾಗಲಿ.

ಇತಿಹಾಸಕ್ಕೆ ಒಂದು ಪುಟ ಸಾಕು. 1525ರಲ್ಲಿ ಜ್ಯೂರಿಕ್‌ನಲ್ಲಿ ಕೆಲವರು, ಹಸುಗೂಸಿಗೆ ಕೊಡುವ ದೀಕ್ಷಾಸ್ನಾನ ನಡೆಯದು, ಬುದ್ಧಿ ಬಲಿತ ಮೇಲೆ ಸ್ವಂತ ಒಪ್ಪಿಗೆಯಿಂದ ಪಡೆಯಬೇಕು ಎಂದರು. ಧರ್ಮವೂ ಆಳ್ವಿಕೆಯೂ ಒಂದೇ ಆಗಿದ್ದ ಕಾಲದಲ್ಲಿ ಅದು ರಾಜದ್ರೋಹಕ್ಕೆ ಸಮ. ಫೆಲಿಕ್ಸ್ ಮಾಂಜ್ ಎಂಬಾತನನ್ನು 1527ರಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಈ ಪರಂಪರೆಯಲ್ಲೇ 1693ರಲ್ಲಿ ಯಾಕೋಬ್ ಅಮ್ಮಾನ್ ಶಿಸ್ತು ಇನ್ನೂ ಬಿಗಿಯಾಗಬೇಕೆಂದು ಸಿಡಿದು ಬೇರೆಯಾದ. ಅವನ ಹಿಂದೆ ಹೋದವರೇ ಆಮಿಶರು, ಉಳಿದವರು ಮೆನೊನೈಟರು. ಹದಿನೆಂಟನೇ ಶತಮಾನದಲ್ಲಿ ಧರ್ಮಸಹಿಷ್ಣುತೆಗೆ ಹೆಸರಾದ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದರು. ಯೂರೋಪಿನಲ್ಲಿ ಉಳಿದಿದ್ದ ಕೊನೆಯ ಸಭೆಯೂ (ಒಟ್ಟಿಗೆ ಪ್ರಾರ್ಥಿಸುವ ಕುಟುಂಬಗಳ ಗುಂಪು) 1937ರಲ್ಲಿ ಮೆನೊನೈಟರೊಡನೆ ಕರಗಿಹೋಯಿತು. ಇಂದು ಅವರಿರುವುದು ಬಹುಪಾಲು ಅಮೆರಿಕದಲ್ಲಿ, ಸ್ವಲ್ಪ ಕೆನಡಾದಲ್ಲಿ.

ಈಗ ಒಂದು ವಿಚಿತ್ರ ನೋಡು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವರ ಸಂಖ್ಯೆ ಕೆಲವೇ ಸಾವಿರ. ಕಾರು, ಟಿವಿ, ಕಂಪ್ಯೂಟರು ಬಂದ ಈ ನೂರು ಚಿಲ್ಲರೆ ವರ್ಷಗಳಲ್ಲಿ ಕರಗಿಹೋಗಬೇಕಾಗಿತ್ತು, ಅಲ್ಲವೇ? 2024ರ ಅಂದಾಜಿನಂತೆ ಸುಮಾರು 4 ಲಕ್ಷ. ಇಪ್ಪತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತಿದ್ದಾರೆ. ಮತಾಂತರದಿಂದಲ್ಲ, ಹೊರಗಿನವರು ಸೇರುವುದು ತೀರಾ ಅಪರೂಪ. ಮಕ್ಕಳು ಹೆಚ್ಚು, ಬೆಳೆದ ಮಕ್ಕಳಲ್ಲಿ ಬಹುಪಾಲು ಅಲ್ಲೇ ಉಳಿಯುತ್ತಾರೆ.

ಸಂದೇಹಿ

ಬ್ಯಾಟರಿ ಆಗಬಹುದು, ತಂತಿ ಆಗದು. ಕಾರಿನಲ್ಲಿ ಕೂರಬಹುದು, ಕೊಳ್ಳಬಾರದು. ಮಡಿಯುಟ್ಟುಕೊಂಡು ಹೋಟೆಲಿನಿಂದ ದೋಸೆ ತರಿಸಿಕೊಂಡಂತಿದೆ. ಇದನ್ನು ಬೂಟಾಟಿಕೆ ಎನ್ನದೆ ಸಮಾಜಶಾಸ್ತ್ರ ಎನ್ನುವುದು ಹೇಗೆ ಮೇಷ್ಟರೇ?

ನಿವೃತ್ತ ಉಪನ್ಯಾಸಕ

ಕೇಳಬೇಕಾದ ಪ್ರಶ್ನೆಯೇ. ವಸ್ತು ಪಾಪ ಎಂದು ಅವರು ನಂಬಿದ್ದರೆ ಬೂಟಾಟಿಕೆಯಾಗುತ್ತಿತ್ತು. ಹಾಗೆ ನಂಬಿಲ್ಲ. ವಸ್ತು ಮನೆಯೊಳಗೆ ಬಂದು ಏನು ಮಾಡುತ್ತದೆ ಎಂಬುದಷ್ಟೇ ಅವರ ಚಿಂತೆ.

ಫೋನನ್ನೇ ತೆಗೆದುಕೊಳ್ಳಿ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಲ್ಯಾಂಕಾಸ್ಟರ್‌ನ ಕೆಲವು ಆಮಿಶ್ ಮನೆಗಳಿಗೆ ಫೋನು ಬಂದಿತ್ತು. ಒಂದೇ ತಂತಿಯಲ್ಲಿ ಹಲವು ಮನೆ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ. ಚಾಡಿ ಹಬ್ಬಿತು, ಜಗಳವಾಯಿತು. 1910ರ ಹೊತ್ತಿಗೆ ಮನೆಯೊಳಗೆ ಫೋನು ಕೂಡದೆಂದು ಸಭೆ ತೀರ್ಮಾನಿಸಿತು. ಇದೇ ಕಾಲದ ಭಿನ್ನಮತದಲ್ಲಿ ಒಂದು ಗುಂಪು ಬೇರೆಯಾಗಿ ಹೊರಟೂ ಹೋಯಿತು. ಮೂವತ್ತರ ದಶಕದಲ್ಲಿ ಕೆಲವು ಕುಟುಂಬಗಳು, ವೈದ್ಯರನ್ನು ಕರೆಯಬೇಕಾದರೆ ಏನು ಮಾಡುವುದು ಎಂದು ಕೇಳಿದವು. ಆಗ ಹುಟ್ಟಿದ್ದು ಹೊಲದಂಚಿನ ಫೋನು ಗೂಡು: ಹಲವು ಮನೆಗೆ ಸೇರಿ ಒಂದು ಮರದ ಪೆಟ್ಟಿಗೆಯಂಥ ಕೋಣೆ, ಒಳಗೆ ಒಂದು ಫೋನು. ಬೇಕಾದವರು ಎದ್ದು ಹೋಗಿ ಕರೆ ಮಾಡಬೇಕು. ಊಟಕ್ಕೆ ಕೂತಾಗ ಅದು ರಿಂಗಣಿಸಿದರೂ ಯಾರಿಗೂ ಕೇಳಿಸದು. ಫೋನಿನ ಉಪಯೋಗ ಉಳಿಯಿತು, ಅದರ ಅಧಿಕಾರ ಹೋಯಿತು. ಹೊರಟುಹೋದ ಗುಂಪು, ಇಪ್ಪತ್ತು ಚಿಲ್ಲರೆ ವರ್ಷದ ಕಾಯುವಿಕೆ, ಕೊನೆಗೆ ಒಂದು ಗೂಡು: ಇಷ್ಟೇ ಒಂದು ಅಧ್ಯಾಯಕ್ಕೆ ಸಾಕು.

ಕಾರಿನ ಲೆಕ್ಕವೂ ಹೀಗೆಯೇ. ಕುದುರೆ ದಿನಕ್ಕೆ ಹೋಗುವ ದೂರಕ್ಕೆ ಮಿತಿಯಿದೆ, ಆ ಮಿತಿಯೊಳಗೇ ನೆಂಟರು, ಸಭೆ, ಅಂಗಡಿ ಎಲ್ಲ ಇರಬೇಕು. ಬಾಡಿಗೆ ಕಾರು ದುಬಾರಿ. ಮೊದಲೇ ಹೇಳಿಡಬೇಕು, ನಾಲ್ಕಾರು ಮಂದಿ ಕೂಡಿ ಹೋಗಬೇಕು. ಮನಸ್ಸು ಬಂದ ಗಳಿಗೆಯಲ್ಲಿ ಒಬ್ಬನೇ ಹೊರಡುವಂತಿಲ್ಲ.

ಈ ತರ್ಕ ಎಲ್ಲೆಡೆ ನಿಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಮೊಬೈಲಿನ ಮುಂದೆ ಅದು ತಿಣುಕುತ್ತಿದೆ. ಗೂಡಿನಲ್ಲಿಡಲು ಅದಕ್ಕೆ ತಂತಿಯೇ ಇಲ್ಲ, ಜೇಬಿನಲ್ಲಿ ಯಾರಿಗೂ ಕಾಣುವುದಿಲ್ಲ. ಮನೆ ಕಟ್ಟುವ ಗುತ್ತಿಗೆ ಹಿಡಿದ ಆಮಿಶ್ ಹುಡುಗರು ಮೊಬೈಲಿಲ್ಲದೆ ಗಿರಾಕಿಗಳನ್ನು ಉಳಿಸಿಕೊಳ್ಳಲಾರರು. ಪ್ರಬಂಧ ಇಂದಿನದಾಗಬೇಕಾದರೆ ಇದನ್ನೂ ಬರೆಯಬೇಕು.

ಮಂಡ್ಯದ ಹೈನುಗಾರ

ನಾನು ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವವನು. ನನಗಿರುವ ಪ್ರಶ್ನೆ ಒಂದೇ. ಇವರು ಹಾಲನ್ನು ಏನು ಮಾಡುತ್ತಾರೆ? ತಂಪು ಮಾಡದೆ ಅಮೆರಿಕದಲ್ಲಿ ಯಾರು ಕೊಳ್ಳುತ್ತಾರೆ?

ನಿವೃತ್ತ ಉಪನ್ಯಾಸಕ

ಹೈನುಗಾರರೇ, ಇಡೀ ಚರ್ಚೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬರಲಿಕ್ಕಿಲ್ಲ. ಲ್ಯಾಂಕಾಸ್ಟರ್‌ನಲ್ಲಿ ಅರವತ್ತರ ದಶಕದ ಕೊನೆಗೆ ಇದೇ ಬಿಕ್ಕಟ್ಟು ಬಂತು. ಇನ್ನು ಕ್ಯಾನಿನಲ್ಲಿ ಹಾಲು ಬೇಡ, ಪ್ರತಿ ಕೊಟ್ಟಿಗೆಯಲ್ಲೂ ತಂಪು ಮಾಡುವ ದೊಡ್ಡ ಟ್ಯಾಂಕು ಇರಲೇಬೇಕು, ಹಾಲು ಕೆನೆಗಟ್ಟದಂತೆ ಅದನ್ನು ಯಂತ್ರ ಕದಡುತ್ತಿರಬೇಕು ಎಂದು ಹಾಲಿನ ಕಂಪನಿಗಳು ಹೇಳಿದವು. ಬಿಷಪ್ಪರು ಕಂಪನಿಯವರೊಡನೆ ಕೂತು ಮಾತಾಡಿದರು. ಟ್ಯಾಂಕು ಆಗಬಹುದು, ಆದರೆ ತಂಪು ಮಾಡುವುದು ಡೀಸೆಲ್ ಎಂಜಿನ್ನಿನಿಂದ. ಕದಡುವ ಮೋಟಾರು ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ. ಭಾನುವಾರ ಮಾತ್ರ ಹಾಲಿನ ಲಾರಿ ಬರಕೂಡದು. ಕಂಪನಿಗಳು ಒಪ್ಪಿದವು, ಅಷ್ಟು ಹಾಲನ್ನು ಬಿಟ್ಟುಕೊಡಲು ಅವಕ್ಕೂ ಮನಸ್ಸಿರಲಿಲ್ಲ.

ಹಾಲು ಕರೆಯುವ ಯಂತ್ರಕ್ಕೂ ಅಲ್ಲಿ ಒಪ್ಪಿಗೆಯಿದೆ. ಆದರೆ ಕೆಚ್ಚಲಿನಿಂದ ನೇರ ಟ್ಯಾಂಕಿಗೆ ಹಾಲು ಸಾಗಿಸುವ ಕೊಳವೆಗೆ ಇಲ್ಲ, ಬಕೆಟ್ಟಿನಲ್ಲಿ ಹೊತ್ತೇ ಸುರಿಯಬೇಕು. ಕೊಳವೆ ಬಂದರೆ ನಲವತ್ತು ಹಸುವಿನ ಜಾಗದಲ್ಲಿ ನಾನೂರು ಕಟ್ಟಬಹುದು. ನಾನೂರು ಕಟ್ಟಿದವನ ಪಕ್ಕದವನು ಹೊಲ ಮಾರಿ ಹೊರಡಬೇಕಾಗುತ್ತದೆ. ಬಕೆಟ್ಟು ಹೊರುವ ಕೈ ಎಷ್ಟು ಹಸು ಸಾಕಬಹುದೋ ಅಷ್ಟೇ. ಓಹಾಯೊದ ಕಟ್ಟುನಿಟ್ಟಿನ ಪಂಗಡದವರು ಯಂತ್ರವನ್ನೂ ಒಲ್ಲರು. ಕೈಯಲ್ಲೇ ಕರೆದು ಕ್ಯಾನಿನಲ್ಲಿ ಚೀಸ್ ಕಾರ್ಖಾನೆಗೆ ಹಾಕುತ್ತಾರೆ.

ಮಂಡ್ಯದ ಹೈನುಗಾರ

ಬಕೆಟ್ಟಿನ ಲೆಕ್ಕ ಅರ್ಥವಾಯಿತು. ನಮ್ಮಲ್ಲಿ ಇದನ್ನು ಯಾರಾದರೂ ಹೇಳಿದರೆ ನಕ್ಕುಬಿಡುತ್ತಾರೆ. ಅಂದಹಾಗೆ ಗಾಂಧೀಜಿ ಹೇಳಿದ್ದೂ ಇದನ್ನೇ ಅಲ್ಲವೇ? ಪ್ರಬಂಧದಲ್ಲಿ ಗಾಂಧೀಜಿಯನ್ನು ತಂದರೆ ಮೇಡಂ ಖುಷಿಪಡಬಹುದು.

ನಿವೃತ್ತ ಉಪನ್ಯಾಸಕ

ದಯವಿಟ್ಟು ಬೇಡ. ಗಾಂಧೀಜಿಗೆ ಇಡೀ ದೇಶ ಬದಲಾಗಬೇಕಿತ್ತು, ಉಪ್ಪು ಹಿಡಿದು ಸರ್ಕಾರವನ್ನು ಎದುರಿಸಿದರು. ಆಮಿಶರು ಯಾರನ್ನೂ ತಿದ್ದಲು ಹೊರಟಿಲ್ಲ. ಯುದ್ಧಕ್ಕೆ ಹೋಗುವುದಿಲ್ಲ, ಅಧಿಕಾರಕ್ಕೆ ನಿಲ್ಲುವುದಿಲ್ಲ, ಹೆಚ್ಚಿನವರು ಮತವನ್ನೂ ಹಾಕುವುದಿಲ್ಲ, ತಾವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಅಪರೂಪ. ‘ನೀವು ಹೇಗಾದರೂ ಇರಿ, ನಮ್ಮನ್ನು ನಮ್ಮ ಪಾಡಿಗೆ ಬಿಡಿ’ ಎಂಬ ಧೋರಣೆ.

ಕಾನೂನು ಕಲಿಯುವವಳು

ಅವರು ಮೆಟ್ಟಿಲು ಹತ್ತದಿದ್ದರೂ ಸರ್ಕಾರ ಹತ್ತಿಸಿದ್ದುಂಟು. ‘ವಿಸ್ಕಾನ್ಸಿನ್ ವಿರುದ್ಧ ಯೋಡರ್’ ಎಂಬ ಮೊಕದ್ದಮೆ, 1972. ಇದನ್ನು ಬಿಟ್ಟು ಆಮಿಶರ ಮೇಲೆ ಪ್ರಬಂಧ ಬರೆಯುವುದು ಸಾಧ್ಯವೇ ಇಲ್ಲ.

ಅವರ ಮಕ್ಕಳು ಎಂಟನೇ ತರಗತಿಗೆ ಓದು ನಿಲ್ಲಿಸುತ್ತಾರೆ. ಒಂದೇ ಕೋಣೆಯ ಶಾಲೆ, ಎಂಟೂ ತರಗತಿಗೆ ಸಾಮಾನ್ಯವಾಗಿ ಒಬ್ಬಳೇ ಶಿಕ್ಷಕಿ, ಅವಳೂ ಎಂಟನೇ ತರಗತಿ ಓದಿದ ಮದುವೆಯಾಗದ ಹುಡುಗಿ. ವಿಸ್ಕಾನ್ಸಿನ್‌ನಲ್ಲಿ ಹದಿನಾರು ವರ್ಷದವರೆಗೆ ಶಾಲೆ ಕಡ್ಡಾಯವಾಗಿತ್ತು. ನ್ಯೂ ಗ್ಲಾರಸ್ ಎಂಬ ಊರಿನ ಮೂವರು ತಂದೆಯರು ಮಕ್ಕಳನ್ನು ಪ್ರೌಢಶಾಲೆಗೆ ಕಳಿಸಲಿಲ್ಲ, ತಲಾ ಐದು ಡಾಲರ್ ದಂಡ ಬಿತ್ತು. ಆ ಐದು ಡಾಲರಿನ ಮೊಕದ್ದಮೆ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಹೋರಾಟಕ್ಕೆ ಬೆನ್ನೆಲುಬಾಗಿ ನಿಂತದ್ದು ಹೊರಗಿನವರ ಒಂದು ಸಮಿತಿ, ಅದರ ಮುಂದಾಳು ಒಬ್ಬ ಲೂಥರನ್ ಪಾದ್ರಿ. ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಆಮಿಶರ ಪರ ತೀರ್ಪು ಬರೆದರು: ಎರಡು ವರ್ಷ ಹೆಚ್ಚು ಓದಿಸುವುದರಿಂದ ಸರ್ಕಾರಕ್ಕಾಗುವ ಲಾಭಕ್ಕಿಂತ ಆ ಧರ್ಮಜೀವನಕ್ಕಾಗುವ ಪೆಟ್ಟು ದೊಡ್ಡದು ಎಂಬುದು ಸಾರಾಂಶ.

ನನ್ನ ದೃಷ್ಟಿಯಲ್ಲಿ ಅಸಲು ಸರಕಿರುವುದು ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್ ಬರೆದ ಭಾಗಶಃ ಭಿನ್ನಮತದಲ್ಲಿ. ಇಲ್ಲಿ ತಂದೆಯರ ಹಕ್ಕಿನ ಬಗ್ಗೆ ಮಾತಾಡುತ್ತಿದ್ದೇವೆ, ಮಕ್ಕಳನ್ನು ಯಾರಾದರೂ ಕೇಳಿದ್ದೀರಾ ಎಂದು ಅವರು ಪ್ರಶ್ನಿಸಿದರು. ಮೂವರು ಮಕ್ಕಳಲ್ಲಿ ಒಬ್ಬ ಹುಡುಗಿ ಮಾತ್ರ ಸಾಕ್ಷಿ ಹೇಳಿದ್ದಳು. ಉಳಿದಿಬ್ಬರಿಗೆ ಓದುವ ಆಸೆಯಿತ್ತೋ ಇಲ್ಲವೋ, ದಾಖಲೆಯಲ್ಲಿ ಇಲ್ಲ.

ತೆರಿಗೆಯ ಕಥೆಯೂ ಇದೆ. ಸರ್ಕಾರದ ಪಿಂಚಣಿ ಯೋಜನೆ ಅವರಿಗೆ ಬೇಡ, ಮುಪ್ಪಿನವರನ್ನು ನೋಡಿಕೊಳ್ಳುವುದು ಮಕ್ಕಳ ಮತ್ತು ಸಭೆಯ ಕೆಲಸ ಎನ್ನುತ್ತಾರೆ. 1961ರಲ್ಲಿ ಬಾಕಿಗಾಗಿ ಪೆನ್ಸಿಲ್ವೇನಿಯಾದ ಒಬ್ಬ ರೈತ ಉಳುತ್ತಿದ್ದಾಗಲೇ ಅಧಿಕಾರಿಗಳು ಅವನ ಕುದುರೆಗಳನ್ನು ಬಿಚ್ಚಿಕೊಂಡು ಹೋದರು. ದೇಶವೆಲ್ಲ ಗುಲ್ಲಾಯಿತು. 1965ರಲ್ಲಿ ಸ್ವಂತ ದುಡಿಮೆಯ ಆಮಿಶರಿಗೆ ವಿನಾಯಿತಿ ಸಿಕ್ಕಿತು. ಉಳಿದ ತೆರಿಗೆಗಳನ್ನೆಲ್ಲ ಅವರು ಕಟ್ಟುತ್ತಾರೆ. ಇದನ್ನು ಸ್ಪಷ್ಟವಾಗಿ ಬರೆಯಿರಿ, ‘ಆಮಿಶರು ತೆರಿಗೆ ಕಟ್ಟುವುದಿಲ್ಲ’ ಎಂಬ ಸುಳ್ಳು ಎಲ್ಲೆಡೆ ಓಡಾಡುತ್ತಿದೆ.

ಕಾಫಿಸೀಮೆಯ ಓದುಗಿ

ಎಲ್ಲರೂ ಬಕೆಟ್ಟು, ಕುದುರೆ, ಫೋನು ಗೂಡು ಎಂದು ಮೆಚ್ಚಿಕೊಳ್ಳುತ್ತಿದ್ದೀರಿ. ಡಗ್ಲಾಸರ ಪ್ರಶ್ನೆಯನ್ನು ಒಬ್ಬರು ಎತ್ತಿದ್ದಕ್ಕೆ ನಾನೂ ಬರೆಯುತ್ತಿದ್ದೇನೆ. ಬಿಷಪ್ಪನೂ ಗಂಡಸು, ಬೋಧಕನೂ ಗಂಡಸು. ಸಭೆಯಲ್ಲಿ ಹೆಂಗಸರಿಗೆ ಮತವಿದೆ, ಅಧಿಕಾರವಿಲ್ಲ. ಹದಿನಾಲ್ಕಕ್ಕೆ ಶಾಲೆ ಮುಗಿದ ಹುಡುಗಿ ಇಪ್ಪತ್ತೆಂಟಕ್ಕೆ ಹೊರಬರಬೇಕೆಂದರೆ ಕೈಯಲ್ಲಿ ಏನಿದೆ? ಪ್ರಮಾಣಪತ್ರವಿಲ್ಲ, ಉಳಿತಾಯವಿಲ್ಲ, ಹೊರಗೆ ಪರಿಚಯದವರಿಲ್ಲ. 2020ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಆಮಿಶ್ ಸಮುದಾಯದೊಳಗಿನ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ವಿವರವಾದ ತನಿಖಾ ವರದಿ ಬಂತು. ಪೊಲೀಸರಿಗೆ ಹೇಳುವ ಬದಲು ಸಭೆಯಲ್ಲಿ ತಪ್ಪೊಪ್ಪಿಗೆ, ಕೆಲವು ವಾರದ ಬಹಿಷ್ಕಾರ, ಆಮೇಲೆ ಎಲ್ಲರೂ ಕ್ಷಮಿಸಿ ಮರೆತುಬಿಡಬೇಕು. ಮರೆಯದವಳೇ ತಪ್ಪಿತಸ್ಥೆ! ತಂಗಿ, ನಿನ್ನ ಪ್ರಬಂಧದಲ್ಲಿ ಇದಕ್ಕೆ ಜಾಗವಿಲ್ಲದಿದ್ದರೆ ಅದು ಪ್ರವಾಸಿ ಕೈಪಿಡಿಯಾಗುತ್ತದೆ.

ಓಹಾಯೊ ಕನ್ನಡತಿ

ಅಕ್ಕ, ನಿಮ್ಮ ಮಾತನ್ನು ಅಲ್ಲಗಳೆಯುವುದಿಲ್ಲ. ಪೂರ್ವ ಓಹಾಯೊದ ಬರ್ಗ್‌ಹೋಲ್ಜ್‌ನಲ್ಲಿ 2011ರಲ್ಲಿ ಒಂದು ಒಡೆದ ಗುಂಪಿನವರು ರಾತ್ರಿ ಮನೆಗೆ ನುಗ್ಗಿ ಬೇರೆ ಆಮಿಶ್ ಗಂಡಸರ ಗಡ್ಡವನ್ನೂ ಹೆಂಗಸರ ಕೂದಲನ್ನೂ ಕತ್ತರಿಸಿ ಜೈಲಿಗೆ ಹೋದರು. ಶಾಂತಿಪ್ರಿಯರು ಎಂಬ ಹಣೆಪಟ್ಟಿ ಎಲ್ಲರಿಗೂ ಒಪ್ಪುವುದಿಲ್ಲ.

ಬಹಿಷ್ಕಾರದ ಬಗ್ಗೆ ಮಾತ್ರ ಒಂದು ವಿವರ ಸೇರಿಸಬೇಕು. ಅದು ದೀಕ್ಷಾಸ್ನಾನ ಪಡೆದು, ಮಾತು ಕೊಟ್ಟು, ಆಮೇಲೆ ಮುರಿದವರಿಗೆ ಮಾತ್ರ. ಹದಿನಾರು ತುಂಬಿದ ಮೇಲೆ ‘ರುಮ್‌ಶ್ಪ್ರಿಂಗಾ’ ಎಂಬ ಕಾಲ ಬರುತ್ತದೆ. ಟಿವಿಯವರು ಅದನ್ನು ಕುಡಿತ ಕುಣಿತದ ಹಬ್ಬವೆಂಬಂತೆ ತೋರಿಸಿ ಹೆಸರು ಕೆಡಿಸಿದ್ದಾರೆ. ಹೆಚ್ಚಿನವರು ತಂದೆತಾಯಿಯ ಮನೆಯಲ್ಲೇ ಇದ್ದು, ಭಾನುವಾರ ಸಂಜೆ ಒಂದು ಕೊಟ್ಟಿಗೆಯಲ್ಲಿ ಸೇರಿ ಹಾಡಿ, ಹುಡುಗ ಹುಡುಗಿಯನ್ನು ಗಾಡಿಯಲ್ಲಿ ಮನೆಗೆ ಬಿಡುವುದು ಅಷ್ಟೇ. ಕೆಲವರು ಜೀನ್ಸ್ ತೊಟ್ಟು ಕಾರು ಓಡಿಸಿ ನೋಡುವುದೂ ಉಂಟು. ಆ ಕಾಲದಲ್ಲೇ, ದೀಕ್ಷೆಗೆ ಮೊದಲೇ, ಬಿಟ್ಟುಹೋದರೆ ಬಹಿಷ್ಕಾರವಿಲ್ಲ. ಹಬ್ಬಕ್ಕೆ ಬಂದು ಅಣ್ಣ ತಮ್ಮಂದಿರ ಜೊತೆ ಒಂದೇ ಮೇಜಿನಲ್ಲಿ ಉಣ್ಣಬಹುದು. ದೀಕ್ಷೆ ಪಡೆದು ಬಿಟ್ಟವಳಿಗೆ ಅದೇ ಮನೆಯಲ್ಲಿ ಬೇರೆ ಮೇಜು ಹಾಕುತ್ತಾರೆ. ಅವಳ ಕೈಯಿಂದ ಬಟ್ಟಲು ತೆಗೆದುಕೊಳ್ಳುವುದಿಲ್ಲ, ಮೇಜಿನ ಮೇಲಿಟ್ಟರೆ ಎತ್ತಿಕೊಳ್ಳುತ್ತಾರೆ. ಮಾತು ಬಿಡುವುದಿಲ್ಲ, ಕಷ್ಟಕ್ಕೆ ನೆರವಾಗುವುದೂ ಉಂಟು. ಮೊಣಕಾಲೂರಿ ತಪ್ಪೊಪ್ಪಿಕೊಂಡರೆ ಎಲ್ಲ ಮುಗಿಯಿತು, ಇಲ್ಲದಿದ್ದರೆ ಸಾಯುವವರೆಗೆ.

ಕಾಫಿಸೀಮೆಯ ಓದುಗಿ

ತಾಯಿ ತನ್ನ ಮಗಳ ಕೈಯಿಂದ ಬಟ್ಟಲು ತೆಗೆದುಕೊಳ್ಳುವುದಿಲ್ಲ ಎನ್ನುವುದನ್ನು ನಿಯಮದ ವಿವರ ಎಂದು ಓದಲು ನನ್ನಿಂದಾಗದು. ಇರಲಿ.

ತುಂಗಾತೀರದ ಹುಡುಗಿ

ಇಷ್ಟೊಂದು ಬರೆದ ಎಲ್ಲರಿಗೂ ಧನ್ಯವಾದ. ಗೆರೆ ಎಳೆಯುವುದೇ ವಸ್ತು ಎಂದು ತೀರ್ಮಾನಿಸಿದ್ದೇನೆ, ಓದುಗಿ ಅಕ್ಕ ಹೇಳಿದ್ದಕ್ಕೆ ಒಂದು ಇಡೀ ಭಾಗ ಇಡುತ್ತೇನೆ. ಆದರೆ ಸರ್, ಗೆರೆ ಎಳೆಯುವವರು ಯಾರು? ಪೋಪ್‌ನಂಥವರು ಮೇಲಿಂದ ಆಜ್ಞೆ ಕಳಿಸುತ್ತಾರೆಯೇ?

ನಿವೃತ್ತ ಉಪನ್ಯಾಸಕ

ಮೇಲೆ ಯಾರೂ ಇಲ್ಲ. ಕೇಂದ್ರ ಕಚೇರಿಯಿಲ್ಲ, ಧರ್ಮಸಭೆಯ ಅಧ್ಯಕ್ಷನಿಲ್ಲ. ಇಪ್ಪತ್ತರಿಂದ ನಲವತ್ತು ಕುಟುಂಬ ಸೇರಿದರೆ ಒಂದು ಸಭೆ. ಚರ್ಚಿನ ಕಟ್ಟಡವನ್ನೂ ಕಟ್ಟುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಒಬ್ಬರ ಮನೆಯಲ್ಲೋ ಕೊಟ್ಟಿಗೆಯಲ್ಲೋ ಪ್ರಾರ್ಥನೆ, ಬೆಂಚುಗಳನ್ನು ಗಾಡಿಯಲ್ಲಿ ಹೇರಿಕೊಂಡು ಮನೆಯಿಂದ ಮನೆಗೆ ಒಯ್ಯುತ್ತಾರೆ. ಹಾಡುವುದು ‘ಔಸ್‌ಬುಂಡ್’ ಎಂಬ ಹದಿನಾರನೇ ಶತಮಾನದ ಜರ್ಮನ್ ಕೀರ್ತನೆ ಪುಸ್ತಕದಿಂದ, ಅದರಲ್ಲಿ ಕೆಲವನ್ನು ಪಾಸೌ ಕೋಟೆಯ ಸೆರೆಯಲ್ಲಿದ್ದವರು ಬರೆದರು. ಪ್ರತಿ ಪ್ರಾರ್ಥನೆಯಲ್ಲೂ ಎರಡನೆಯದಾಗಿ ಹಾಡುವ ಸ್ತುತಿಗೀತೆಗೆ ನಾಲ್ಕೇ ಚರಣ, ಇಪ್ಪತ್ತು ನಿಮಿಷ. ಅಷ್ಟು ವಿಲಂಬ.

ಬೋಧಕನನ್ನು ಆರಿಸುವ ಬಗೆಯನ್ನು ಪ್ರಬಂಧದಲ್ಲಿ ಖಂಡಿತ ಹಾಕು. ತರಬೇತಿಯಿಲ್ಲ, ಸಂಬಳವಿಲ್ಲ, ಉಮೇದುವಾರಿಕೆಯಂತೂ ಇಲ್ಲವೇ ಇಲ್ಲ. ಆ ಸ್ಥಾನ ಬೇಕೆಂದವನು ಅದಕ್ಕೆ ಅನರ್ಹ ಎಂಬ ಭಾವನೆ. ಸದಸ್ಯರು, ಹೆಂಗಸರೂ ಸೇರಿ, ಒಬ್ಬೊಬ್ಬರಾಗಿ ಬಾಗಿಲ ಬಳಿ ಹೋಗಿ ಹಿರಿಯರ ಕಿವಿಯಲ್ಲಿ ಒಂದು ಹೆಸರು ಉಸುರುತ್ತಾರೆ. ಎರಡು ಮೂರು ಜನರಾದರೂ ಹೇಳಿದ ಹೆಸರುಗಳು ಉಳಿಯುತ್ತವೆ. ಅಷ್ಟೇ ಸಂಖ್ಯೆಯ ಕೀರ್ತನೆ ಪುಸ್ತಕಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಒಂದರೊಳಗೆ ಮಾತ್ರ ಬೈಬಲ್ ವಚನ ಬರೆದ ಚೀಟಿ. ಹೆಸರು ಬಂದ ಗಂಡಸರು ಒಬ್ಬೊಬ್ಬರಾಗಿ ಒಂದೊಂದು ಪುಸ್ತಕ ಎತ್ತಿಕೊಳ್ಳುತ್ತಾರೆ. ಬಿಷಪ್ ಒಂದೊಂದನ್ನೇ ಬಿಚ್ಚಿ ನೋಡುತ್ತಾನೆ. ಚೀಟಿ ಸಿಕ್ಕವನು ಆ ಗಳಿಗೆಯಿಂದ ಜೀವಮಾನವಿಡೀ ಬೋಧಕ. ಬೆಳಗ್ಗೆ ಹಾಲು ಕರೆದು ಬಂದ ಬಡಗಿ, ಮಧ್ಯಾಹ್ನ ಮನೆಗೆ ಹೋಗುವಾಗ ಧರ್ಮಗುರು. ಹೆಂಡತಿ, ಮಕ್ಕಳು ಅಳುವುದುಂಟು, ಸಂತೋಷಕ್ಕಲ್ಲ.

ಕಟ್ಟಳೆಗೆ ‘ಓರ್ಡ್ನುಂಗ್’ ಎನ್ನುತ್ತಾರೆ, ಬಹುಮಟ್ಟಿಗೆ ಬರೆದಿಟ್ಟದ್ದಲ್ಲ. ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ಪ್ರಭುಭೋಜನಕ್ಕೆ (ಯೇಸುವಿನ ಕೊನೆಯ ಊಟವನ್ನು ನೆನೆಯುವ ಆಚರಣೆ) ಮುಂಚೆ, ಅದನ್ನು ಸಭೆಯ ಮುಂದೆ ಹೇಳಿ ಪ್ರತಿಯೊಬ್ಬರ ಒಪ್ಪಿಗೆ ಕೇಳಬೇಕು. ದೊಡ್ಡ ಭಿನ್ನಾಭಿಪ್ರಾಯವಿದ್ದರೆ ಪ್ರಭುಭೋಜನವನ್ನೇ ಮುಂದಕ್ಕೆ ಹಾಕುತ್ತಾರೆ. ಪಕ್ಕಪಕ್ಕದ ಎರಡು ಸಭೆಗಳಲ್ಲಿ ಒಂದರಲ್ಲಿ ಸೈಕಲ್ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಇದರಿಂದಲೇ.

ಸಂದೇಹಿ

ಚೀಟಿ ಎತ್ತಿ ಗುರುವನ್ನು ಆರಿಸುವುದು ನಮ್ಮ ಕೆಲವು ಚುನಾವಣೆಗಿಂತ ವಾಸಿ. ಇಷ್ಟು ಒಪ್ಪಿದೆ. ಆದರೆ ಎಲ್ಲರೂ ರೈತರು ಎನ್ನುವುದಾದರೂ ನಿಜವೇ?

ಓಹಾಯೊ ಕನ್ನಡತಿ

ಇಲ್ಲ, ಅದೂ ಹಳೆಯ ಚಿತ್ರ. ಭೂಮಿ ಬೆಲೆ ಗಗನಕ್ಕೇರಿದೆ, ಏಳು ಮಕ್ಕಳಿಗೆ ಹಂಚಲು ಹೊಲವೆಲ್ಲಿ? ಇಂದು ಹೆಚ್ಚಿನ ಮನೆಗಳಿಗೆ ಬೇಸಾಯ ಮುಖ್ಯ ಆದಾಯವಲ್ಲ. ಬಡಗಿ ಕೆಲಸ, ಮನೆ ಕಟ್ಟುವುದು, ಕುಲುಮೆ, ಕಸೂತಿ ಹೊದಿಕೆ. ಉತ್ತರ ಇಂಡಿಯಾನಾದ ಎಲ್ಕ್‌ಹಾರ್ಟ್, ಲಾಗ್ರೇಂಜ್ ಕಡೆ ಸಾವಿರಾರು ಆಮಿಶ್ ಗಂಡಸರು ಕಾರ್ಖಾನೆಯಲ್ಲಿ ದುಡಿಯುತ್ತಾರೆ. ಏನು ಮಾಡುತ್ತಾರೆ ಗೊತ್ತೇ? ಅಮೆರಿಕನ್ನರು ರಜೆಗೆ ಓಡಿಸಿಕೊಂಡು ಹೋಗುವ ಮನೆಯಂಥ ಮೋಟಾರು ವಾಹನ! ಸಂಜೆ ಸೈಕಲ್ ಹತ್ತಿ ಮನೆಗೆ.

ಕಾನೂನು ಕಲಿಯುವವಳು

ನಿಕಲ್ ಮೈನ್ಸ್ ಬಗ್ಗೆ ಯಾರೂ ಬರೆಯಲಿಲ್ಲ. 2006ರ ಅಕ್ಟೋಬರ್ 2, ಲ್ಯಾಂಕಾಸ್ಟರ್ ಕೌಂಟಿಯ ಶಾಲೆಗೆ ನುಗ್ಗಿದವನೊಬ್ಬ ಹತ್ತು ಹುಡುಗಿಯರಿಗೆ ಗುಂಡು ಹೊಡೆದು ತಾನೂ ಸತ್ತ. ಐವರು ಹುಡುಗಿಯರು ತೀರಿಕೊಂಡರು. ಅವನು ಆ ಸೀಮೆಯಲ್ಲಿ ಹಾಲಿನ ಲಾರಿ ಓಡಿಸುತ್ತಿದ್ದವನು. ಕೆಲವೇ ಗಂಟೆಗಳಲ್ಲಿ ಆಮಿಶರು ಅವನ ಹೆಂಡತಿಯ ಮನೆಗೆ ಹೋಗಿ, ನಿಮ್ಮ ಮೇಲೆ ದ್ವೇಷವಿಲ್ಲ ಎಂದು ಹೇಳಿ ಬಂದರು. ಅವನ ಅಂತ್ಯಕ್ರಿಯೆಗೂ ಹೋದರು. ಕ್ಷಮೆಯ ಭಾಗಕ್ಕೆ ಇದು ಬೇಕಲ್ಲವೇ?

ಕಾಫಿಸೀಮೆಯ ಓದುಗಿ

ಬೇಕು. ಆದರೆ ನಾನು ಹೇಳಿದ ಕ್ಷಮೆಯ ಪಕ್ಕದಲ್ಲೇ ಇಡಬೇಕು. ಹೊರಗಿನ ಕೊಲೆಗಾರನ ಹೆಂಡತಿಯನ್ನು ತಬ್ಬಿಕೊಂಡದ್ದೂ, ಒಳಗಿನ ಹುಡುಗಿಗೆ ಮರೆತುಬಿಡು ಎಂದದ್ದೂ ಒಂದೇ ಬೋಧನೆಯ ಫಲ. ಒಂದನ್ನು ಹೊಗಳಿ ಇನ್ನೊಂದನ್ನು ಮುಚ್ಚಿಟ್ಟರೆ ಸಲ್ಲದು.

ನಿವೃತ್ತ ಉಪನ್ಯಾಸಕ

ನಾನು ಮೌಲ್ಯಮಾಪಕನಾಗಿದ್ದರೆ ಈ ಎರಡನ್ನೂ ಒಟ್ಟಿಗೆ ಇಟ್ಟ ಪ್ರಬಂಧಕ್ಕೆ ಕಣ್ಣು ಮುಚ್ಚಿ ಅಂಕ ಕೊಡುತ್ತಿದ್ದೆ. ಒಂದೇ ಎಚ್ಚರ: ಆ ಘಟನೆಯಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳು ಇನ್ನೂ ಅಲ್ಲೇ ಇವೆ. ವಿವರಗಳನ್ನು ಎಳೆದಾಡಬೇಡ, ಎರಡು ಸಾಲು ಸಾಕು. ಶಾಲೆಯ ಕಟ್ಟಡವನ್ನು ಹತ್ತು ದಿನದಲ್ಲೇ ಕೆಡವಿದರು. ಸ್ಮಾರಕ ಶಿಲೆ ನಿಲ್ಲಿಸುವ ಬದಲು ಆ ಜಾಗವನ್ನು ಹುಲ್ಲುಗಾವಲು ಮಾಡಿದರು.

ತುಂಗಾತೀರದ ಹುಡುಗಿ

ಅರ್ಥವಾಯಿತು ಸರ್. ಕೊನೆಯದಾಗಿ ಒಂದು. ಆಮಿಶರ ಮಾತನ್ನೇ ನೇರವಾಗಿ ಕೇಳುವ ದಾರಿ ಇದೆಯೇ? ಇಮೇಲ್ ಇಲ್ಲ, ಫೋನು ಗೂಡಿನಲ್ಲಿದೆ. ಇನ್ನೊಂದು, ವಿಮೆ ಇಲ್ಲದೆ ಅಮೆರಿಕದ ಆಸ್ಪತ್ರೆ ಖರ್ಚನ್ನು ಹೇಗೆ ನಿಭಾಯಿಸುತ್ತಾರೆ?

ಓಹಾಯೊ ಕನ್ನಡತಿ

ಓಹಾಯೊದ ಶುಗರ್‌ಕ್ರೀಕ್‌ನಿಂದ ‘ದಿ ಬಜೆಟ್’ ಎಂಬ ವಾರಪತ್ರಿಕೆ 1890ರಿಂದ ಬರುತ್ತಿದೆ. ಬೇರೆ ಬೇರೆ ಊರಿನ ಆಮಿಶರೂ ಮೆನೊನೈಟರೂ ಬರೆದ ಪತ್ರಗಳೇ ಅದರ ತುಂಬ: ಯಾರ ಮನೆಯಲ್ಲಿ ಪ್ರಾರ್ಥನೆಯಾಯಿತು, ಯಾರಿಗೆ ಮಗುವಾಯಿತು, ಯಾರ ಮಾವ ಏಣಿಯಿಂದ ಬಿದ್ದರು, ಜೋಳ ಎಷ್ಟು ಎತ್ತರ ಬಂದಿದೆ. ಅವರ ಬಾಯಿಂದಲೇ ಬಂದ ಮಾತು ಎಂದರೆ ಇದು. ನಿಮ್ಮ ಗ್ರಂಥಪಾಲಕರನ್ನು ಕೇಳಿ ನೋಡು, ಹಳೆಯ ಸಂಚಿಕೆಗಳು ವಿಶ್ವವಿದ್ಯಾಲಯಗಳ ಸಂಗ್ರಹದಲ್ಲಿವೆ. ಚಿತ್ರ ಹಾಕುವುದಾದರೆ ಮುಖ ಕಾಣುವ ಫೋಟೋ ಬೇಡ. ಮುಖ ತೋರಿಸಿ ಫೋಟೋಗೆ ನಿಲ್ಲುವುದು ಅವರಿಗೆ ಸಲ್ಲದು. ಗಾಡಿ, ಕೊಟ್ಟಿಗೆ, ಒಣಗಲು ಹಾಕಿದ ಬಟ್ಟೆ ಸಾಕು.

ಆಸ್ಪತ್ರೆ ಖರ್ಚಿಗೆ ಸಭೆಯ ನಿಧಿ ಇರುತ್ತದೆ, ಸಾಲದಿದ್ದರೆ ಪಕ್ಕದ ಸಭೆಗಳಿಂದ ಎತ್ತುತ್ತಾರೆ. ನಗದು ಕಟ್ಟುವುದರಿಂದ ಆಸ್ಪತ್ರೆಗಳು ರಿಯಾಯಿತಿ ಕೊಡುವುದೂ ಉಂಟು. ಅವರಿಗೆ ಬರುವ ಕೆಲವು ಕಾಯಿಲೆಗಳೇ ಬೇರೆ. ಕೆಲವೇ ಕುಟುಂಬಗಳಿಂದ ಬೆಳೆದು ಒಳಗೊಳಗೇ ಮದುವೆಯಾದ್ದರಿಂದ ಬೇರೆಡೆ ಲಕ್ಷಕ್ಕೊಂದು ಕಾಣುವ ವಂಶವಾಹಿ ದೋಷ ಇಲ್ಲಿ ಊರಿಗೆ ಹಲವು. ಅಂಥ ಮಕ್ಕಳಿಗೆಂದೇ 1989ರಲ್ಲಿ ಲ್ಯಾಂಕಾಸ್ಟರ್ ಕೌಂಟಿಯ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಚಿಕಿತ್ಸಾಲಯ ಶುರುವಾಯಿತು. ಅದರ ಮೊದಲ ಕಟ್ಟಡವನ್ನು ಆಮಿಶರೂ ಮೆನೊನೈಟರೂ ಕೊಟ್ಟಿಗೆ ಎತ್ತುವಂತೆ ಕೈಗೆ ಕೈ ಸೇರಿಸಿ ಮರದ ತೊಲೆಗಳಿಂದ ಎತ್ತಿದರು. ಹೊಲಿದ ಹೊದಿಕೆ, ಪೀಠೋಪಕರಣ ಹರಾಜು ಹಾಕಿ ಖರ್ಚಿಗೆ ಹಣ ಕೂಡಿಸುತ್ತಾರೆ. ಒಳಗೆ ವಂಶವಾಹಿ ಪರೀಕ್ಷೆಯ ಪ್ರಯೋಗಾಲಯ, ಹೊರಗೆ ಕುದುರೆ ಕಟ್ಟುವ ಗೂಟ. ಅಲ್ಲಿ ಎಂಟನೇ ತರಗತಿ ಓದಿದ ತಾಯಂದಿರು ಮಗುವಿನ ಅಮೈನೊ ಆಮ್ಲದ ಪ್ರಮಾಣ ಹೇಳಿ ವೈದ್ಯರೊಡನೆ ಮಾತಾಡುತ್ತಾರೆ. ಗೆರೆ ಎಳೆಯುವ ಭಾಗಕ್ಕೆ ಇದೂ ಸೇರಲಿ, ಫೋನು ಗೂಡು ಆದ ಕೂಡಲೇ ಹಾಕು.